ಕೂತರೆ ಸಾಲದು! (ಮ್ಯಾಕ್ರೋ ಲೆನ್ಸ್ ಕೊಳ್ಳುವವರಿಗೆ ನಾಲ್ಕು ಮಾತು)



ಚಗಳಿ ಇರುವೆ ಕೈಲಿ ಕಚ್ಚಿಸಿಕೊಳ್ಳದವರು ನಮ್ಮೂರಲ್ಲಿ ಯಾರೂ ಇರಲಿಕ್ಕಿಲ್ಲ. ಆದರೆ ಅದು ಎಲೆಗಳನ್ನು ಹೇಗೆ ಹೊಲಿಯುತ್ತದೆ ಎಂದು ಹತ್ತಿರದಿಂದ ನೋಡಿದವರು ಎಷ್ಟು ಜನ? ಇರುವೆಗಳು ತಮ್ಮ ಮರಿಹುಳುಗಳನ್ನೇ ಬಾಯಲ್ಲಿ ಹಿಡಿದು, ಆ ಹುಳು ಬಿಡುವ ರೇಷ್ಮೆ ನೂಲಿನಿಂದ ಎಲೆಗೆ ಎಲೆ ಅಂಟಿಸುತ್ತವೆ. ಅದರ ಫೋಟೋ ತೆಗೆದು ಈ ಗೋಡೆ ಪತ್ರಿಕೆಗೆ ಹಾಕಬೇಕೆಂಬುದು ನನ್ನ ಆಸೆ.

ನನ್ನ ಸೋದರಮಾವನ ಹತ್ತಿರ ನಿಕಾನ್ ಡಿ3400 ಕ್ಯಾಮರಾ ಇದೆ. ಹೊಸದಾಗಿ ಕಲಿಯುವವರಿಗೆಂದು 2016ರಲ್ಲಿ ಬಂದ ಮಾದರಿ. ಅದರ ಜೊತೆಗಿದ್ದ 18-55 ಲೆನ್ಸಿನಲ್ಲಿ ಇರುವೆ ಕಾಣುತ್ತಿತ್ತು, ಬಾಯಲ್ಲಿದ್ದ ಮರಿಹುಳು ಬಿಡಿಸಿ ಕಾಣುತ್ತಿರಲಿಲ್ಲ. "ಮ್ಯಾಕ್ರೋ ಲೆನ್ಸ್ ತಗೊಳ್ಳಿ ಮಾವಾ" ಅಂತ ನಾನು ಹಟ ಹಿಡಿದೆ. ತೋಟದ ಮೋಟಾರ್ ರಿಪೇರಿಗೆ ಇಟ್ಟಿದ್ದ ಅಡಿಕೆ ದುಡ್ಡಿನಲ್ಲಿ ಮಾವ ಪೇಟೆಯಿಂದ ಸೆಕೆಂಡ್ ಹ್ಯಾಂಡ್ 60 ಮಿ.ಮೀ. ಲೆನ್ಸ್ ತಂದರು. ತಿರುಗಿಸಿದ ಕೂಡಲೇ ಟಿಕ್ ಅಂತ ಕೂತಿತು. "ಕೂತ್ಕೊಂತಲ್ಲ, ಇನ್ನೇನು!" ಅಂತ ನಾನು ಕುಣಿದೆ. ಬಟನ್ ಒತ್ತಿದರೆ ಕ್ಯಾಮರಾ ಫೋಕಸ್ಸೇ ಮಾಡಲಿಲ್ಲ! ಅತ್ತೆ ನಕ್ಕರು: "ಮೋಟಾರಿಗಿಟ್ಟ ದುಡ್ಡಲ್ಲಿ ಮೋಟಾರಿಲ್ಲದ್ದು ತಂದ್ರಾ?" ಆ ಮಾತು ಎಷ್ಟು ನಿಜವೆಂದು ಆಮೇಲೆ ತಿಳಿಯಿತು. ಆದ್ದರಿಂದ ಕೊಳ್ಳುವ ಮುಂಚೆ ಈ ನಾಲ್ಕು ನೋಡಿ.

1. ಬಾಯಿ: ಕ್ಯಾಮರಾಕ್ಕೆ ಲೆನ್ಸ್ ಕೂರುವ ಜಾಗಕ್ಕೆ ಮೌಂಟ್ ಅನ್ನುತ್ತಾರೆ. ಕೆನಾನ್‌ನದು ನಿಕಾನ್‌ಗೆ ಕೂರುವುದಿಲ್ಲ. ನಿಕಾನ್‌ನ ಎಫ್ ಮೌಂಟ್ 1959ರಿಂದ ಬಂದದ್ದು. ಅದಕ್ಕೇ ಹಳೇ ಲೆನ್ಸ್ ಕೂಡ ಎಷ್ಟೋ ಸಲ ಕೂತುಬಿಡುತ್ತದೆ. ಮೋಸ ಹೋಗುವುದೂ ಅಲ್ಲೇ.

2. ಮೋಟಾರ್: ಫೋಕಸ್ ಆಗಲು ಲೆನ್ಸಿನ ಗಾಜು ಹಿಂದೆ ಮುಂದೆ ಸರಿಯಬೇಕು. ದೊಡ್ಡ ಬೆಲೆಯ ಹಲವು ನಿಕಾನ್ ಕ್ಯಾಮರಾಗಳಲ್ಲಿ ಅದನ್ನು ತಿರುಗಿಸುವ ಮೋಟಾರ್ ಕ್ಯಾಮರಾದೊಳಗೇ ಇದೆ. ಡಿ3000, ಡಿ5000 ಸಾಲಿನವುಗಳಲ್ಲಿ ಇಲ್ಲ. ಹಾಗಾಗಿ ಲೆನ್ಸಿನಲ್ಲೇ ಮೋಟಾರ್ ಇರಬೇಕು. ಲೆನ್ಸಿನ ಮೇಲೆ 'ಎಎಫ್-ಎಸ್' ಎಂದಿದ್ದರೆ ಇದೆ. ಬರೀ 'ಎಎಫ್' ಎಂದಿದ್ದರೆ ಇಲ್ಲ. ನಮ್ಮದರ ಮೇಲೆ 'ಎಎಫ್' ಅಂತ ಮಾತ್ರ ಇತ್ತು. ಓದಿದ್ದೆವು, ಅರ್ಥ ಗೊತ್ತಿರಲಿಲ್ಲ. ಟ್ಯಾಮ್ರಾನ್‌ನ 90 ಮಿ.ಮೀ. ಮ್ಯಾಕ್ರೋದಲ್ಲಿ ಎರಡು ಥರದ್ದೂ ಇದೆ, ವಿಚಾರಿಸಿಯೇ ಕೊಳ್ಳಬೇಕು.

3. ಅಳತೆ: ನಿಜವಾದ ಮ್ಯಾಕ್ರೋ ಅಂದರೆ 1:1. ಅಂದರೆ 8 ಮಿ.ಮೀ. ಇರುವೆ ಕ್ಯಾಮರಾದೊಳಗಿನ ಸೆನ್ಸರ್ ಮೇಲೂ 8 ಮಿ.ಮೀ. ಬೀಳಬೇಕು. ನಮ್ಮ ಸೆನ್ಸರಿನ ಅಗಲ 23.5 ಮಿ.ಮೀ.; ಇರುವೆ ಚಿತ್ರದ ಮೂರನೇ ಒಂದು ಭಾಗ ತುಂಬುತ್ತದೆ. 1:4 ಆದರೆ 2 ಮಿ.ಮೀ. ಅಷ್ಟೇ. ಕೆಲವು ಜೂಮ್ ಲೆನ್ಸಿನ ಮೇಲೆ ಸುಮ್ಮನೆ 'ಮ್ಯಾಕ್ರೋ' ಎಂದು ಬರೆದಿರುತ್ತಾರೆ, ಅಳತೆ ಕೇಳಿ. ಇನ್ನೊಂದು ಮಾತು: ನಿಕಾನ್‌ನವರು ಮ್ಯಾಕ್ರೋ ಲೆನ್ಸನ್ನು 'ಮೈಕ್ರೋ' ಎಂದು ಕರೆಯುತ್ತಾರೆ. ಗಾಬರಿ ಬೇಡ, ಎರಡೂ ಒಂದೇ.

4. ದೂರ: ನಿಕಾನ್‌ನ 40 ಮಿ.ಮೀ. ಮೈಕ್ರೋ 16.3 ಸೆಂ.ಮೀ. ಹತ್ತಿರ ಹೋಗಬಲ್ಲದು. ಆದರೆ ಈ ಅಳತೆ ಸೆನ್ಸರಿನಿಂದ; ಲೆನ್ಸಿನ ತುದಿಯಿಂದಲ್ಲ. ತುದಿಗೂ ಇರುವೆಗೂ ನಾಲ್ಕು ಬೆರಳಷ್ಟೂ ಜಾಗ ಉಳಿಯೋಲ್ಲ. ಹೂವಿಗೆ ಪರವಾಗಿಲ್ಲ, ಚಗಳಿ ಗೂಡಿಗೆ ಕಷ್ಟ! 85 ಮಿ.ಮೀ. ಲೆನ್ಸಿಗೆ 28.6, 105ಕ್ಕೆ 31.4 ಸೆಂ.ಮೀ. ಉದ್ದ ಹೆಚ್ಚಿದಷ್ಟೂ ದೂರ ನಿಲ್ಲಬಹುದು, ಬೆಲೆಯೂ ಹೆಚ್ಚು.

ದುಡ್ಡಿಲ್ಲದವರು ಇರುವ ಲೆನ್ಸಿನ ಮುಂದೆ ಕ್ಲೋಸಪ್ ಗಾಜು ತಿರುಗಿಸಿ ಹಾಕಿಕೊಳ್ಳಬಹುದು. ಲೆನ್ಸಿನ ಮೇಲೆ ಸೊನ್ನೆಗೆ ಗೀಟು ಹಾಕಿದ ಗುರುತಿನ ಪಕ್ಕ 52, 55 ಹೀಗೆ ಒಂದು ಸಂಖ್ಯೆ ಇರುತ್ತದೆ. ಅದೇ ಅಳತೆಯದು ತರಬೇಕು.

ಈಗ ನಮ್ಮ ಲೆನ್ಸಿನ ಗತಿ ಏನಾಯ್ತು? ಮಾವ ಬೈಯಲಿಲ್ಲ. "ತಂದಾಯ್ತು, ಕೈಲಿ ತಿರುಗ್ಸಿ ಕಲಿ" ಎಂದರು. ಮೊದಲು ಪರದೆಯಲ್ಲಿ 'ಎಫ್‌ಇಇ' ಅಂತ ಮಿನುಗುತ್ತಿತ್ತು. ಲೆನ್ಸಿನ ಬಳೆಯನ್ನು 32ಕ್ಕೆ ತಿರುಗಿಸಿ ಲಾಕ್ ಮಾಡಿದ ಮೇಲೆ ನಿಂತಿತು. ಇನ್ನು ಫೋಕಸ್: ಕೈಯಲ್ಲೇ ಒಂದು ಕಡೆ ಇಟ್ಟು, ಉಸಿರು ಹಿಡಿದು, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಬೇಕು. ಸರಿಹೋದಾಗ ಕಿಂಡಿಯಲ್ಲಿ ಹಸಿರು ಚುಕ್ಕೆ ಹೊತ್ತುತ್ತದೆ, ಆಗ ಒತ್ತಬೇಕು. ಆಟೋಫೋಕಸ್ ಇದ್ದವರೂ ತೀರಾ ಹತ್ತಿರದ ಫೋಟೋಕ್ಕೆ ಹೀಗೆ ಮಾಡುವುದುಂಟಂತೆ.

ಎರಡು ಭಾನುವಾರ, ಲೆಕ್ಕವಿಲ್ಲದಷ್ಟು ಕಚ್ಚು. ಕೆಳಗೆ ಅಂಟಿಸಿದ ಫೋಟೋ ನೋಡಿ, ಇರುವೆಯ ಬಾಯಲ್ಲಿ ಬೆಳ್ಳಗೆ ಕಾಣುವುದೇ ಮರಿಹುಳು.

ಆದರೂ ನೀವು ನನ್ನ ಹಾಗೆ ಮಾಡಬೇಡಿ. ಅಂಗಡಿಗೆ ಹೋಗುವಾಗ ನಿಮ್ಮ ಕ್ಯಾಮರಾವನ್ನೂ ಒಯ್ಯಿರಿ, ಅಲ್ಲೇ ಹಾಕಿ, ಬಟನ್ ಒತ್ತಿ, ಮೋಟಾರ್ ಸದ್ದು ಕೇಳಿ. ನಮ್ಮ ತೋಟದ ಮೋಟಾರ್ ಇನ್ನೂ ರಿಪೇರಿಯಾಗಿಲ್ಲ. ರಜೆಯಲ್ಲಿ ಅಡಿಕೆ ಹೆಕ್ಕಿ ಆ ದುಡ್ಡು ತೀರಿಸುತ್ತೇನೆಂದು ಮಾವನಿಗೆ ಮಾತು ಕೊಟ್ಟಿದ್ದೇನೆ.

– 9ನೇ ತರಗತಿಯ ವಿದ್ಯಾರ್ಥಿ