ಮೆಕೆಂಜಿಯ ಪತ್ರಗಳು ಮತ್ತು ಮನೆತನಗಳ ಇತಿಹಾಸ

ಗೌಡಿಕೆ, ಶಾನುಭೋಗಿಕೆ, ದೇಸಗತಿ ಮೊದಲಾದ ಹಕ್ಕುಗಳನ್ನು ಹೊಂದಿದ್ದ ನಮ್ಮ ನಾಡಿನ ಹಳೆಯ ಮನೆತನಗಳಲ್ಲಿ ವಂಶಾವಳಿಯನ್ನು ಜೋಪಾನವಾಗಿ ಕಾದಿರಿಸಿಕೊಂಡು ಬಂದವು ಅನೇಕ. ಮೂಲಪುರುಷನು ಎಲ್ಲಿಂದ ಬಂದನು, ಯಾವ ಅರಸನಿಂದ ಉಂಬಳಿಯನ್ನು ಪಡೆದನು ಎಂಬುದನ್ನು ಅವು ವಿಸ್ತಾರವಾಗಿ ನಿರೂಪಿಸುತ್ತವೆ. ಆದರೆ ಆ ಬರಹವು ಯಾರ ಕೋರಿಕೆಯ ಮೇರೆಗೆ, ಯಾವ ಸಂದರ್ಭದಲ್ಲಿ ಸಿದ್ಧವಾಯಿತೆಂಬುದನ್ನು ಅವು ಹೇಳುವುದು ಅಪರೂಪ. ಈ ಕೊರತೆಯನ್ನು ಕೆಲಮಟ್ಟಿಗೆ ನೀಗಿಸಬಲ್ಲ ಆಕರವೆಂದರೆ ಕರ್ನಲ್ ಕಾಲಿನ್ ಮೆಕೆಂಜಿಯ ಸಂಗ್ರಹದೊಡನೆ ಉಳಿದುಬಂದಿರುವ ಪತ್ರಗಳು.

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನಾದ ಮೆಕೆಂಜಿ 1783ರಲ್ಲಿ ಭಾರತಕ್ಕೆ ಬಂದನು. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ತರುವಾಯ ಮೈಸೂರು ಸೀಮೆಯ ಮೋಜಣಿಯ ಹೊಣೆ ಅವನ ಪಾಲಿಗೆ ಬಂದಿತು. ನೆಲವನ್ನಳೆಯಲು ಬಂದವನು ಊರೂರಿನ ಕೈಫಿಯತ್ತು, ಶಾಸನ, ಕಡತಗಳನ್ನೂ ಸಂಗ್ರಹಿಸತೊಡಗಿದನು. ದೇಶಭಾಷೆಗಳ ಪರಿಚಯ ತನಗಿರಲಿಲ್ಲವೆಂದೂ, ಕಾವಲಿ ವೆಂಕಟ ಬೋರಯ್ಯನೇ ತನಗೆ ಮಾರ್ಗದರ್ಶಕನಾದನೆಂದೂ ಅವನು 1817ರಲ್ಲಿ ಅಲೆಕ್ಸಾಂಡರ್ ಜಾನ್‌ಸ್ಟನ್ನನಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಬೋರಯ್ಯನು 1803ರಲ್ಲಿ ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯನು ಆ ಕಾರ್ಯವನ್ನು ಮುಂದುವರಿಸಿದನು. ಜೈನ ಪಂಡಿತ ಧರ್ಮಯ್ಯನೂ ಇವರೊಡನಿದ್ದನು. ಮೆಕೆಂಜಿ 1821ರಲ್ಲಿ ನಿಧನನಾದನು. ಎಚ್. ಎಚ್. ವಿಲ್ಸನ್ನನು 1828ರಲ್ಲಿ ಪ್ರಕಟಿಸಿದ ಸೂಚಿಯಲ್ಲಿ 2,070 ಸ್ಥಳೀಯ ವೃತ್ತಾಂತಗಳೂ 8,076 ಶಾಸನಪ್ರತಿಗಳೂ ಎಣಿಕೆಗೆ ಬಂದಿವೆ.

ಮನೆತನದ ಶೋಧಕನಿಗೆ ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬೀಳುವುದು ಕೈಫಿಯತ್ತು. ಅದರಲ್ಲಿ ಮನೆತನವು ತನ್ನನ್ನು ಕುರಿತು ಹೇಳಿಕೊಂಡದ್ದು ಮಾತ್ರ ಇರುತ್ತದೆ. ಊರೂರು ತಿರುಗಿದ ಸಹಾಯಕರು ಕಳುಹಿಸಿದ ಪತ್ರಗಳ ಮತ್ತು ವರದಿಗಳ ಸ್ವರೂಪ ಬೇರೆ. ಯಾವ ಊರಿಗೆ ಹೋದೆವು, ಯಾರನ್ನು ಕಂಡೆವು, ಯಾವ ಕಾಗದ ದೊರೆಯಿತು, ಯಾರು ಕೊಡಲೊಲ್ಲೆನೆಂದರು ಎಂಬ ವಿವರಗಳು ಅಲ್ಲಿ ಬರುತ್ತವೆ. ಆ ಕಾಲದ ಜನರಿಗೆ ಹೊಸ ಸರಕಾರದ ಮನುಷ್ಯನು ಕಡತ ಕೇಳಿದನೆಂದರೆ ಶಂಕೆ ಸಹಜ. ಇನಾಮು ಹೋದೀತೆಂಬ ಭಯದಿಂದ ಮುಚ್ಚಿಟ್ಟವರುಂಟು; ಕಳೆದುಹೋದ ಹಕ್ಕು ಮರಳೀತೆಂಬ ಆಶೆಯಿಂದ ಹಿರಿಯರ ಪರಾಕ್ರಮವನ್ನು ಹಿಗ್ಗಿಸಿ ಹೇಳಿದವರೂ ಇದ್ದಿರಬೇಕು. 1779ರಲ್ಲಿ ಹೈದರನಿಗೆ ವಶವಾದ ಚಿತ್ರದುರ್ಗದಂಥ ಪಾಳೆಯಪಟ್ಟಿನ ವೃತ್ತಾಂತವನ್ನು ಓದುವಾಗ ಇದನ್ನು ಮರೆಯಲಾಗದು. ಆದುದರಿಂದ ಕೈಫಿಯತ್ತನ್ನೂ ಅದು ಕೈಸೇರಿದ ಬಗೆಯನ್ನು ತಿಳಿಸುವ ಪತ್ರವನ್ನೂ ಜೊತೆಯಲ್ಲಿಟ್ಟು ಓದತಕ್ಕದ್ದು. ಅಜ್ಜನ ಹೆಸರಿಗೆ ಇದರಿಂದ ಕುಂದೇನೂ ಬಾರದು. ಉಂಬಳಿಯ ಕಥೆಯಲ್ಲಿ ಎಷ್ಟು ದಾಖಲೆ, ಎಷ್ಟು ಅಹವಾಲು ಎಂಬುದು ಮಾತ್ರ ತಿಳಿದೀತು.

ತೊಡಕುಗಳೂ ಇಲ್ಲದಿಲ್ಲ. ಇಂಗ್ಲಿಷ್ ಬರಹದಲ್ಲಿ ಬೋರಯ್ಯನು ‘ಬೋರಿಯಾ’ ಆಗಿದ್ದಾನೆ, ಲಕ್ಷ್ಮಯ್ಯನು ‘ಲೆಚ್ಮಯ್ಯಾ’ ಆಗಿದ್ದಾನೆ. ಊರುಗಳ ಹೆಸರುಗಳ ಪಾಡೂ ಅದೇ. ಅವನ್ನು ಬಾಯಿಬಿಟ್ಟು ಓದಿಕೊಂಡರೆ ಎಷ್ಟೋ ಬಾರಿ ಕನ್ನಡ ರೂಪವು ತಾನಾಗಿ ಹೊಳೆಯುತ್ತದೆ. ಇನ್ನು ವಂಶಾವಳಿಗಳಲ್ಲಿ ಹೆಣ್ಣುಮಕ್ಕಳ ಹೆಸರು ಬಹುಮಟ್ಟಿಗೆ ಕಾಣದು. ಅವರನ್ನು ಅರಸುವವರು ದಾನಶಾಸನಗಳ ಪ್ರತಿಗಳ ಕಡೆಗೆ ತಿರುಗಬೇಕು.

ಇಂಗ್ಲಿಷ್ ಅನುವಾದಗಳೂ ಪತ್ರಗಳೂ ಬಹುಪಾಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ದೇಶಭಾಷೆಗಳ ವೃತ್ತಾಂತಗಳಲ್ಲಿ ಹೆಚ್ಚಿನವು ಚೆನ್ನೈನ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಕನ್ನಡ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿದೆ. ತಮ್ಮ ಊರಿನ ಹೆಸರನ್ನು ಅದರಲ್ಲಿ ಮೊದಲು ಹುಡುಕಿಕೊಂಡು, ಬಳಿಕ ಲಂಡನ್ನಿನ ಪತ್ರಗಳತ್ತ ಸಾಗುವುದು ಸುಲಭವಾದ ದಾರಿ.