ಡೈನಮೈಟ್‌ನ ರಾಸಾಯನಿಕ, ಎದೆನೋವಿನ ಮದ್ದು

ಬಂಡೆ ಸಿಡಿಸುವ ಡೈನಮೈಟ್‌ನಲ್ಲಿರುವ ನೈಟ್ರೊಗ್ಲಿಸರಿನ್ ಎದೆನೋವಿಗೆ ಮದ್ದೂ ಹೌದು! ಲಂಡನ್ನಿನ ವೈದ್ಯ ವಿಲಿಯಂ ಮರೆಲ್ 1879ರಲ್ಲೇ ಇದನ್ನು ಬರೆದಿಟ್ಟರು. ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್‌ಗೂ ಕೊನೆಗಾಲದಲ್ಲಿ ವೈದ್ಯರು ಹೇಳಿದ ಔಷಧಿ ಇದೇ.

ನೈಟ್ರೊಗ್ಲಿಸರಿನ್‌ನಂಥ ನೈಟ್ರೇಟ್ ಔಷಧಿ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಹೃದಯದ ಹೊರೆ ಇಳಿಸುತ್ತದೆ. ನಮ್ಮಲ್ಲಿ ಹೆಚ್ಚು ಪರಿಚಿತವಾದದ್ದು ಸಾರ್ಬಿಟ್ರೇಟ್. ಮೆಟ್ಟಿಲು ಹತ್ತಿದರೆ ನೋವು ಬರುವುದು ಗೊತ್ತಿರುವವರಿಗೆ, ಹತ್ತುವ ಮೊದಲೇ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಳ್ಳಲು ವೈದ್ಯರು ಹೇಳುವುದುಂಟು. ಕುಳಿತೇ ಇಟ್ಟುಕೊಳ್ಳಬೇಕು, ಬಿಪಿ ಇಳಿದು ತಲೆ ಸುತ್ತಬಹುದು. ತಲೆನೋವೂ ಸಾಮಾನ್ಯ.

ದಿನಾ ನುಂಗುವ ಮಾತ್ರೆಯ ಲೆಕ್ಕವೇ ಬೇರೆ.

ದೇಹ ನೈಟ್ರೇಟ್‌ಗೆ ಬೇಗ ಒಗ್ಗಿಕೊಳ್ಳುತ್ತದೆ, ಆಗ ಮಾತ್ರೆಯ ಪರಿಣಾಮ ತಗ್ಗುತ್ತದೆ. ಅದಕ್ಕೇ ಐಸೊಸಾರ್ಬೈಡ್ ಮೊನೊನೈಟ್ರೇಟ್ ಮಾತ್ರೆಯನ್ನು ಕೆಲವರಿಗೆ ಬೆಳಿಗ್ಗೆ 8ಕ್ಕೊಂದು, ಮಧ್ಯಾಹ್ನ 3ಕ್ಕೊಂದು ಎಂದು ಬರೆದುಕೊಡುತ್ತಾರೆ. ರಾತ್ರಿಯ ಬಿಡುವು ಚಿಕಿತ್ಸೆಯ ಭಾಗ. ರಾತ್ರಿಗೂ ಒಂದಿರಲಿ ಎಂದು ತಾವೇ ನುಂಗಬಾರದು, ನೋವಿಲ್ಲವೆಂದು ದಿಢೀರನೆ ನಿಲ್ಲಿಸಲೂಬಾರದು.

ಎಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಲೈಂಗಿಕ ಶಕ್ತಿಗೆಂದು ತೆಗೆದುಕೊಳ್ಳುವ ಸಿಲ್ಡೆನಾಫಿಲ್, ಅಂದರೆ ವಯಾಗ್ರ, ಅಥವಾ ಟಡಾಲಾಫಿಲ್ ಮಾತ್ರೆಯ ಜೊತೆ ನೈಟ್ರೇಟ್ ಸೇರಿದರೆ ಬಿಪಿ ಪ್ರಾಣಕ್ಕೇ ಕುತ್ತಾಗುವಷ್ಟು ಕುಸಿಯಬಹುದು. ಸಂಕೋಚ ಬಿಟ್ಟು ವೈದ್ಯರಿಗೆ ಹೇಳಲೇಬೇಕು. ಪಕ್ಕದ ಮನೆಯವರ ಡಬ್ಬಿಯ ಮಾತ್ರೆಯನ್ನು ಎರವಲು ತಂದು ನುಂಗುವುದೂ ಬೇಡ.

ನಾಲಿಗೆಯಡಿ ಮಾತ್ರೆ ಇಟ್ಟುಕೊಂಡು 5 ನಿಮಿಷವಾದರೂ ನೋವು ಇಳಿಯದಿದ್ದರೆ, ಅಥವಾ ಹೆಚ್ಚಾದರೆ, ಗ್ಯಾಸ್ ಇರಬಹುದೆಂದು ಕಾಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.