ಬಟ್ಟಲ ನೀರು ಒಲ್ಲೆ, ಎಲೆಯ ಹನಿಯೇ ಬೇಕು!

ಮೂಗಿನ ಮುಂದೆಯೇ ಬಟ್ಟಲು ತುಂಬ ತಿಳಿನೀರು. ಪಕ್ಕದ ಕೊಂಬೆಗೆ ಅಂಟಿ ಕುಳಿತ ಪ್ರಾಣಿಗೋ ಮೈಯೆಲ್ಲ ಬತ್ತಿದೆ, ಕಣ್ಣು ಗುಳಿಬಿದ್ದಿದೆ. ಆದರೂ ಅದು ಬಟ್ಟಲಿಗೆ ಬಾಯಿ ಹಾಕುವುದಿಲ್ಲ! ಹಟವೆ? ಅಲ್ಲ. ಅಲುಗದೆ ನಿಂತ ನೀರು ಅದರ ಲೆಕ್ಕಕ್ಕೆ ಸಾಮಾನ್ಯವಾಗಿ ನೀರೇ ಅಲ್ಲ. ಅದೇ ಎಲೆಯೊಂದರ ಮೇಲೆ ಒಂದು ಹನಿ ಬಿದ್ದು ಬೆಳಕಿಗೆ ಮಿನುಗಲಿ, ನೋಡಿ ಮಜಾ! ಅತ್ತ ನೋಡುತ್ತಿದ್ದ ಒಂದು ಕಣ್ಣು, ಇತ್ತ ನೋಡುತ್ತಿದ್ದ ಇನ್ನೊಂದು ಕಣ್ಣು ಎರಡೂ ಹೊರಳಿ ಆ ಹನಿಯ ಮೇಲೆ ನಿಲ್ಲುತ್ತವೆ. ಇದು ಊಸರವಳ್ಳಿ. ರಾಜಕಾರಣಿಗಳನ್ನು ಬೈಯಲು ನಾವು ದಿನಬೆಳಗಾದರೆ ನೆನೆಯುವ ಗೋಸುಂಬೆ.

ಇಂಥ ಹನಿಗಳಿಗೆ ಬರವೇ ಇಲ್ಲದ ಊರು ಉತ್ತರ ಕನ್ನಡದ ಅನಮೋಡ. ಬೆಳಗಾವಿಯಿಂದ ಪಣಜಿಗೆ ಹೋಗುವ ಹೆದ್ದಾರಿಯಲ್ಲಿ ಕರ್ನಾಟಕ ಮುಗಿಯುವುದು ಇಲ್ಲೇ. ಮುಂದೆ ಘಾಟಿ ಇಳಿದರೆ ಗೋವಾದ ಮೊಲೆಂ. ಚೆಕ್‌ಪೋಸ್ಟ್ ದಾಟಿ ಹೋಗುವ ಕಾರಿನವರಿಗೆ ದೂಧಸಾಗರ ಜಲಪಾತದ ಧ್ಯಾನ. ರಸ್ತೆ ಬದಿಯ ಎಲೆಯೊಂದರ ತುದಿಯಲ್ಲಿ ನಡೆಯುವ ಪವಾಡ ಯಾರಿಗೆ ಬೇಕು? ಸುತ್ತಲಿನದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸೀಮೆ. 2007ರಲ್ಲಿ ದಾಂಡೇಲಿ-ಅಣಶಿ ಎಂದು ಘೋಷಣೆಯಾಗಿ 2015ರಲ್ಲಿ ಕಾಳಿ ನದಿಯ ಹೆಸರು ಪಡೆದ ಕಾಡು. ಇಲ್ಲಿನ ಅನೇಕ ಮರಗಳ ಎಲೆಗೆ ಚೂಪಾದ ತುದಿಯಿದೆ. ಬಿದ್ದ ಮಳೆ ಎಲೆಯ ಮೇಲೆ ನಿಲ್ಲದೆ ಜಾರಿ, ಆ ತುದಿಯಲ್ಲಿ ಹನಿಯಾಗಿ ತೂಗುತ್ತದೆ. ಮಳೆ ನಿಂತ ಮೇಲೂ ಮಂಜು ಇದೆ, ಇಬ್ಬನಿ ಇದೆ.

ನಮ್ಮ ಊಸರವಳ್ಳಿಗೆ ಘಟ್ಟದ ಜಡಿಮಳೆಯೇ ಬೇಕೆಂದೇನೂ ಇಲ್ಲ. ಹಳಿಯಾಳ, ಮುಂಡಗೋಡದ ಕಡೆ ಕಾಣುವಂಥ ಎಲೆಯುದುರುವ ಕಾಡು, ಕುರುಚಲು, ಬೇಲಿ ಇವೇ ಅದಕ್ಕೆ ಹೆಚ್ಚು ಒಗ್ಗುವ ಜಾಗ. ಬೇಸಿಗೆಗೆ ಹಳ್ಳಕೊಳ್ಳ ಬತ್ತಿದರೂ ಅದು ಬದುಕುತ್ತದೆ! ಬೆಳಗಿನ ಇಬ್ಬನಿ ಒಂದಿಷ್ಟು, ತಿಂದ ಹುಳುವಿನ ಮೈಯ ರಸ ಒಂದಿಷ್ಟು, ಆಯಿತು ಅದರ ನೀರಿನ ಖರ್ಚು.

ಕುಡಿಯುವ ಚಂದವನ್ನೇ ನೋಡಬೇಕು. ಬೇಟೆಯಾಡುವಾಗ ಮೈಯುದ್ದಕ್ಕಿಂತ ದೂರಕ್ಕೆ ಸಿಡಿಯುವ ನಾಲಿಗೆ ಅದು. ಆ ನಾಲಿಗೆಯ ಲೋಳೆ ಮನುಷ್ಯರ ಎಂಜಲಿಗಿಂತ ಸುಮಾರು 400 ಪಟ್ಟು ಗಟ್ಟಿ ಎಂದು ಬೆಲ್ಜಿಯಂನ ವಿಜ್ಞಾನಿಗಳು 2016ರಲ್ಲಿ ಅಳೆದು ತೋರಿಸಿದರು. ಅಂಥ ನಾಲಿಗೆ ಹನಿಯ ಮುಂದೆ ಎಷ್ಟು ಮೆತ್ತಗಾಗುತ್ತದೆ ಗೊತ್ತೆ? ಗದ್ದ ಎಲೆಗೆ ತಾಗುತ್ತದೆ, ಬಾಯಿ ಬೆರಳಂಚಿನಷ್ಟು ತೆರೆಯುತ್ತದೆ, ನಾಲಿಗೆಯ ತುದಿ ಮಾತ್ರ ಹೊರಬಂದು ಹನಿಯನ್ನು ಒತ್ತಿ ಒಳಗೆಳೆಯುತ್ತದೆ. ತಲೆ ಎತ್ತಿ ಒಂದು ಗುಟುಕು. ಮತ್ತೆ ಇನ್ನೊಂದು ಹನಿ. ಅವಸರವೇ ಇಲ್ಲ! ಆಸ್ಟ್ರೇಲಿಯಾದ ಮರುಭೂಮಿಯ ಮುಳ್ಳುಹಲ್ಲಿಯೊಂದು ಒದ್ದೆ ಮರಳ ಮೇಲೆ ನಿಂತು ಚರ್ಮದ ಗೀರುಗಳ ಮೂಲಕವೇ ನೀರನ್ನು ಬಾಯಿಗೆ ತಂದುಕೊಳ್ಳುತ್ತದೆ. ಹಲ್ಲಿಗಳ ವಂಶದಲ್ಲಿ ನೀರು ಕುಡಿಯಲು ಎಷ್ಟೆಲ್ಲ ದಾರಿ!

ಊಸರವಳ್ಳಿಗೆ ಹನಿಯೇ ಬೇಕೆಂಬ ಗುಟ್ಟು ಸಾಕುವವರಿಗೆ ಗೊತ್ತಿಲ್ಲದೆಯೇ ಪಂಜರದಲ್ಲಿ ಎಷ್ಟೋ ಊಸರವಳ್ಳಿಗಳು ಬಾಯಾರಿ ಸೊರಗುತ್ತವೆ. ಭಾರತದ ಕಾಡಿನ ಊಸರವಳ್ಳಿಯನ್ನಂತೂ ಯಾರೂ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಕಾಯುತ್ತದೆ. ಹೊರದೇಶಗಳಲ್ಲಿ ಜನ ಸಾಕುವುದು ಯೆಮನ್ ಮೂಲದ ವೇಲ್ಡ್, ಮಡಗಾಸ್ಕರ್‌ನ ಪ್ಯಾಂಥರ್ ಮುಂತಾದ ಜಾತಿಗಳನ್ನು. ಇಂಥವು ನಮ್ಮ ದೇಶದಲ್ಲಿ ಯಾರ ಬಳಿಯಾದರೂ ಇದ್ದರೆ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯಾಗಿರಬೇಕು.

ಹಾಗೆ ಸಾಕಿದ ಊಸರವಳ್ಳಿಗೆ ಎಂಥ ನೀರು? ಇಲ್ಲೂ ಕಾಡಿನ ಹನಿಯೇ ಗುರು. ಮಳೆಹನಿಯಲ್ಲಿ ಲವಣ ಅತ್ಯಲ್ಪ, ಕ್ಲೋರಿನ್ ವಾಸನೆಯಿಲ್ಲ, ಹಳಸಲು ಪುರುಸೊತ್ತೇ ಇಲ್ಲ. ನಲ್ಲಿ ನೀರಾದರೆ ತೆರೆದ ಪಾತ್ರೆಯಲ್ಲಿ ಒಂದು ದಿನ ಬಿಟ್ಟರೆ ಕ್ಲೋರಿನ್ ಬಹುಪಾಲು ಹಾರಿಹೋಗುತ್ತದೆ. ಆದರೆ ಕೆಲವು ನಗರಗಳಲ್ಲಿ ಬೆರೆಸುವ ಕ್ಲೋರಮೈನ್ ಹಾಗೆ ಹೋಗುವುದಿಲ್ಲ, ಅದಕ್ಕೆ ಇದ್ದಿಲ ಫಿಲ್ಟರ್ ಬೇಕು. ಗಡಸು ಬೋರ್‌ವೆಲ್ ನೀರು ಎಲೆಯ ಮೇಲೆ ಬಿಳಿ ಕಲೆ ಬಿಡುತ್ತದೆ, ಸ್ಪ್ರೇಯರ್ ನಳಿಕೆ ಕಟ್ಟಿಕೊಳ್ಳುವಂತೆ ಮಾಡುತ್ತದೆ. ಅಲ್ಲಿ ಆರ್‌ಒ ನೀರು ವಾಸಿ. ಸುಣ್ಣದಂಶ ಬೇಕಲ್ಲ ಎಂದರೆ, ಅದಕ್ಕಾಗಿ ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡುತ್ತಾರೆ. ಉಪ್ಪು ಬಳಸಿ ಮೆದು ಮಾಡಿದ ಸಾಫ್ಟ್‌ನರ್ ನೀರು ಬೇಡ, ಅದರಲ್ಲಿ ಸೋಡಿಯಂ ಹೆಚ್ಚು. ಹಳ್ಳದ ನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಪರಾವಲಂಬಿ ಜೀವಿಗಳಿರಬಹುದು, ಕುದಿಸಿ ಆರಿಸದೆ ಕೊಡಬಾರದು.

ನೀರಿನಷ್ಟೇ ಪಾತ್ರೆಯೂ ಮುಖ್ಯ. ಉತ್ತರ ಕನ್ನಡದ ಮನೆಯೆಂದ ಮೇಲೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪು ಇದ್ದೀತು. ಎಷ್ಟು ತೊಳೆದರೂ ಆ ಪಂಪಿನಲ್ಲಿ ಊಸರವಳ್ಳಿಗೆ ನೀರು ಸಿಂಪಡಿಸಬೇಡಿ, ಅದರಲ್ಲಿದ್ದದ್ದು ಮೈಲುತುತ್ತ! ಬೇರೆ ಸ್ಪ್ರೇಯರ್ ಇಡಬೇಕು, ಉಳಿದ ನೀರು ದಿನವೂ ಚೆಲ್ಲಬೇಕು, ತೊಳೆದು ಒಣಗಿಸಬೇಕು. ಇಲ್ಲವಾದರೆ ಒಳಗೋಡೆಗೆ ಲೋಳೆ ಕಟ್ಟಿ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ಬೆಳಿಗ್ಗೆ, ಸಂಜೆ ಎಲೆಗಳು ತೊಯ್ಯುವಂತೆ ನವಿರಾಗಿ ಸಿಂಪಡಿಸಿದರೆ ಸರಿ. ನಡುವೆ ಗೂಡು ಒಣಗಲೇಬೇಕು. ಸದಾ ಒದ್ದೆಯಾಗಿದ್ದರೆ ಬೂಷ್ಟು ಬರುತ್ತದೆ, ಉಸಿರಾಟದ ಸೋಂಕು ಬರುತ್ತದೆ.

ಸಾಕಷ್ಟು ಕುಡಿದಿದೆಯೇ ಎಂಬುದನ್ನು ಅದರ ಹಿಕ್ಕೆಯೇ ಹೇಳುತ್ತದೆ! ಹಿಕ್ಕೆಯ ಜೊತೆ ಬರುವ ಯೂರಿಕ್ ಆಮ್ಲದ ಮುದ್ದೆ ಬೆಳ್ಳಗಿದ್ದರೆ ಕ್ಷೇಮ. ಹಳದಿ, ಕಿತ್ತಳೆಗೆ ತಿರುಗಿದರೆ ನೀರು ಸಾಲುತ್ತಿಲ್ಲ. ಕಣ್ಣು ಗುಳಿಬಿದ್ದರೆ, ಹಗಲಲ್ಲೇ ಮುಚ್ಚಿಕೊಂಡರೆ ಪಶುವೈದ್ಯರ ಬಳಿಗೆ ಓಡಬೇಕು.

1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ ‘ಕರ್ವಾಲೋ’ ಹಾರುವ ಓತಿಯ ಬೆನ್ನು ಹತ್ತಿದ ಕತೆ. ಅದನ್ನು ಓದಿ ಬೆಳೆದ ನಾವು ಊಸರವಳ್ಳಿಯನ್ನು ಮಾತ್ರ ಇನ್ನೂ ವಿಷಜಂತು, ಅಪಶಕುನ ಎಂದು ಕಲ್ಲೆತ್ತಿ ಹೊಡೆಯುವುದು ಯಾವ ನ್ಯಾಯ? ಅದಕ್ಕೆ ವಿಷವಿಲ್ಲ. ಅನಮೋಡದ ಘಾಟಿಯಲ್ಲೋ ಮುಂಡಗೋಡದ ರಸ್ತೆಯಲ್ಲೋ ಹೆಜ್ಜೆ ಹೆಜ್ಜೆಗೂ ತೂಗಾಡುತ್ತ ಡಾಂಬರು ದಾಟುವ ಊಸರವಳ್ಳಿ ಕಂಡರೆ ಗಾಡಿ ನಿಧಾನಿಸಿ, ದಾಟಲು ಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಮನೆಗೆ ಮಾತ್ರ ಒಯ್ಯಬೇಡಿ.